ಶಂಕ್ರವ್ವ ನುಂಗಿದ ಸಾಲು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಹಾನಗಲ್ಲಿನಿಂದ ಹಿರೇಕೆರೂರಿನ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಒಂದು ತಗಡಿನ ಶೆಡ್ಡು. ಅದರೊಳಗೆ ಶಂಕ್ರವ್ವ ಉಸಿರು ಬಿಗಿಹಿಡಿದು ಕುಳಿತಿದ್ದಾರೆ. ಮುಂದೊಂದು ಸ್ಟೀಲಿನ ಬಟ್ಟಲು, ಬಟ್ಟಲಿನ ಬಾಯಿಗೆ ಬಿಗಿದ ತೆಳ್ಳನೆಯ ಬಟ್ಟೆ. ಬಟ್ಟೆಯ ಮೇಲೆ, ನಿನ್ನೆ ಕಿತ್ತು ಬಲ್ಬಿನ ಕಾವಿಗೆ ಒಣಗಲು ಬಿಟ್ಟಿದ್ದ ಟೊಮ್ಯಾಟೊ ಹೂವಿನ ಕೇಸರಗಳು. ನಡುಬೆರಳಿನಿಂದ ಬಟ್ಟೆಯನ್ನು ತಟ್ಟುತ್ತಾರೆ. ಕೂಸನ್ನು ಮಲಗಿಸುವಾಗ ತಟ್ಟಿದಷ್ಟೇ ಮೆಲ್ಲಗೆ. ಬಟ್ಟಲಿನ ತಳಕ್ಕೆ ಅರಿಸಿನಕ್ಕಿಂತ ನಯವಾದ ತಿಳಿಹಳದಿ ಪುಡಿ ಇಳಿಯುತ್ತದೆ. ಗಂಡು ಗಿಡದ ಪರಾಗ ಅದು. ಇಲ್ಲಿಯ ಹೆಂಗಸರ ಬಾಯಲ್ಲಿ ‘ಪೌಡ್ರ’.

“ಸೀನಬ್ಯಾಡ್ರಿ, ಕೆಮ್ಮಬ್ಯಾಡ್ರಿ, ನಗಬ್ಯಾಡ್ರಿ,” ಎಂದು ಪತ್ರಿಕೆಗೆ ಬರೆಯಲು ಬಂದು ಪಕ್ಕದಲ್ಲಿ ಕುಳಿತವರಿಗೆ ತುಟಿಯಷ್ಟೇ ಅಲುಗಿಸಿ ಹೇಳುತ್ತಾರೆ. “ಈ ಒಂದ ಚಮಚೆ ಹಾರಿಹೋತಂದ್ರ ಇವತ್ತ ಇಪ್ಪತ್ನಾಲ್ಕ ಸಾಲೂ ಬಂಜಿ.”

ಶಂಕ್ರವ್ವನಿಗೀಗ ನಲವತ್ತಾರು. ಹುಟ್ಟಿದ್ದು ಶಿಗ್ಗಾಂವಿ ತಾಲೂಕಿನ ಹುಲಗೂರಿನಲ್ಲಿ, ಓದಿದ್ದು ಏಳನೆಯ ಇಯತ್ತೆ. ಗಂಡ ಮಾರೆಪ್ಪ ಹಾನಗಲ್ಲಿನ ಮಾರುಕಟ್ಟೆಯಲ್ಲಿ ಹಮಾಲಿ. ಹದಿನೆಂಟು ವರ್ಷಗಳಿಂದ ಶಂಕ್ರವ್ವ ಮಾಡುತ್ತಿರುವುದು ‘ಕ್ರಾಸಿಂಗ್’ ಕೆಲಸ. ಬೀಜದ ಕಂಪನಿಗಳಿಗಾಗಿ ಹೈಬ್ರಿಡ್ ಬೀಜ ಮಾಡುವ ಕೆಲಸವದು. ಮಧ್ಯಾಹ್ನ ಹೆಣ್ಣು ಗಿಡದ ಮೊಗ್ಗನ್ನು ಚಿಮಟಿಗೆಯಿಂದ ಬಿಡಿಸಿ, ಒಳಗಿನ ಗಂಡು ಭಾಗ ತೆಗೆದುಹಾಕಬೇಕು. ಮರುದಿನ ಬೆಳಿಗ್ಗೆ ಅದೇ ಹೂವಿನ ನಡುವಿನ ಎಳೆಗೆ ಬೇರೆ ಜಾತಿಯ ಪೌಡ್ರ ಮುಟ್ಟಿಸಬೇಕು. ಮುಟ್ಟಿಸಿದ ಮೇಲೆ ಹೂವಿನ ಬುಡದ ಐದು ಹಸಿರು ಎಸಳುಗಳಲ್ಲಿ ಎರಡನ್ನು ಚಿವುಟಬೇಕು. ಆ ಎರಡು ಎಸಳಿನ ಗಾಯವೇ ಸಹಿ. ಹಣ್ಣಾದಾಗ ಐದೂ ಎಸಳು ನೆಟ್ಟಗಿದ್ದರೆ ಅದು ತಾನೇ ತಾನಾಗಿ ಕಟ್ಟಿದ ಹಣ್ಣು ಎಂದು ಗೊತ್ತಾಗಿ ತಿಪ್ಪೆಗೆ ಹೋಗುತ್ತದೆ.

ಪರದೆ ಹಾಕಿದ ಈ ತೋಟದಲ್ಲಿ ಇಪ್ಪತ್ನಾಲ್ಕು ಸಾಲು, ಸಾಲಿಗೆ ಅರವತ್ತು ಗಿಡ. ಏಳನೆಯ ಮತ್ತು ಎಂಟನೆಯ ಸಾಲು ಶಂಕ್ರವ್ವನ ಪಾಲಿಗೆ. ಮಧ್ಯಾಹ್ನ ಆರುನೂರು ಮೊಗ್ಗು, ಬೆಳಿಗ್ಗೆ ಆರುನೂರು ಹೂವು, ಸಾವಿರದ ಇನ್ನೂರು ಎಸಳು. ಕೈಗೆ ಈ ಚಿವುಟುವುದು ಎಷ್ಟು ಅಂಟಿಕೊಂಡಿದೆಯೆಂದರೆ, ಶುಕ್ರವಾರದ ಸಂತೆಯಲ್ಲೂ ಟೊಮ್ಯಾಟೊ ಕೈಗೆತ್ತಿಕೊಂಡು ತೊಟ್ಟು ತಿರುಗಿಸಿ ನೋಡುತ್ತಾರೆ. ಕಾಯಿಪಲ್ಲೆ ಮಾರುವ ಮಜೀದ ರೇಗಿಸುತ್ತಾನೆ: “ಏನಬೇ ಅವ್ವಾ, ಟೊಮ್ಯಾಟೊ ತಗೋಳಾಕ ಬಂದೀಯೋ, ಕನ್ಯಾ ನೋಡಾಕ ಬಂದೀಯೋ?”

“ಐದೂ ಎಸಳ ಇದ್ದದ್ದ ಕಂಡ್ರ ಬೆರಳ ತುರಸ್ತಾವ್ರಿ,” ಎನ್ನುತ್ತಾರೆ ಶಂಕ್ರವ್ವ. “ಮಂದಿ ಅಂಗಡ್ಯಾಗಿನ ಹಣ್ಣ, ಚಿವುಟಾಕ ಬರೂದಿಲ್ಲ.”

ಪೌಡ್ರ ಇಳಿಸಿ ಮುಗಿದಿದೆ. ಬಟ್ಟಲು ಮುಚ್ಚಿ ಎದ್ದು, ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಬಾಗಿಲಿಗೆ ಬಂದು ನಿಲ್ಲುತ್ತಾರೆ. ರಸ್ತೆಯಾಚೆ ಅರ್ಧ ಫರ್ಲಾಂಗು ದೂರದಲ್ಲಿ ಇಂಥದೇ ಇನ್ನೊಂದು ಪರದೆಯ ತೋಟ. ಅದೇ ಹಸಿರು ಬಲೆ, ಅದೇ ಟೊಮ್ಯಾಟೊ, ಅದೇ ಬಿಸಿಲು. ಅಲ್ಲಿಂದ ಹೆಂಗಸರ ನಗು ಕೇಳಿಬರುತ್ತದೆ. ಶಂಕ್ರವ್ವ ದಿನಕ್ಕೆ ಎಷ್ಟು ಸಲ ಆ ಕಡೆ ನೋಡುತ್ತಾರೆಂಬುದನ್ನು ಯಾರೂ ಎಣಿಸಿಲ್ಲ. ಎಣಿಸಿದ್ದರೆ ಎಸಳಿನ ಸಂಖ್ಯೆಯ ಹತ್ತಿರಕ್ಕೆ ಬರುತ್ತಿತ್ತೇನೋ.

“ಹೊಟ್ಟೆಕಿಚ್ಚ ಐತ್ರಿ. ಸುಳ್ಳ ಯಾಕ ಹೇಳ್ಲಿ?” ಕಣ್ಣು ಅತ್ತಲೇ ಇದೆ. “ಗುತ್ತಿ ಅಲ್ಲಿ ಅದಾಳ. ಆಕಿ ಸೀರಿ ನೋಡಿ ಅಲ್ಲ, ಕಿವ್ಯಾಗಿನ ಬೆಂಡ್ವಾಲಿ ನೋಡಿ ಅಲ್ಲ. ಆಕಿಗೆ ತ್ವಾಟದಾಗ ಒಂದ ಸಾಲು ಐತಿ. ನನಗ ಇಲ್ಲ.”

ಗುತ್ತಿಯೆಂದರೆ ಗುತ್ತೆವ್ವ. ಶಂಕ್ರವ್ವನ ಓಣಿಯವರೇ, ಆರು ವರ್ಷಕ್ಕೆ ಚಿಕ್ಕವರು. ಇಬ್ಬರೂ ದಿನಾ ದಾದಾಪೀರನ ಟಂಟಂ ಆಟೊದಲ್ಲಿ ಒಂದೇ ಸೀಟಿನಲ್ಲಿ ಮೊಳಕಾಲಿಗೆ ಮೊಳಕಾಲು ತಾಗಿಸಿ ಕುಳಿತು ಬಂದು, ರಸ್ತೆಯಲ್ಲಿ ಇಳಿದು, ಶಂಕ್ರವ್ವ ಎಡಕ್ಕೆ ಗುತ್ತೆವ್ವ ಬಲಕ್ಕೆ ಹೋಗುವವರು. ಬಲಗಡೆಯ ತೋಟದಲ್ಲಿ ಇರುವ, ಎಡಗಡೆಯ ತೋಟದಲ್ಲಿ ಇಲ್ಲದ ವಸ್ತು ಒಂದೇ. ಅದನ್ನು ಹೆಂಗಸರು ‘ಹುಚ್ಚ ಸಾಲು’ ಎಂದು ಕರೆಯುತ್ತಾರೆ.

ಆ ತೋಟವನ್ನು ಗುತ್ತಿಗೆಗೆ ಹಿಡಿದು ನಡೆಸುತ್ತಿರುವವರು ಮನೋರಮಾ. ಸವಣೂರಿನ ಮಠದ ಓಣಿಯ ಮನೆತನ, ಕೃಷಿ ಪದವಿ ಓದಿದವರು. ಬಾಗಿಲ ಪಕ್ಕದ ಒಂದು ಸಾಲನ್ನು ಅವರು ಕೆಲಸದವರಿಗೆ ಬಿಟ್ಟುಬಿಟ್ಟಿದ್ದಾರೆ. ಅದರಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಮಾಡಿ ನೋಡಬಹುದು. ಹಣ್ಣು ಕಟ್ಟದಿದ್ದರೆ ಕೇಳುವವರಿಲ್ಲ. ಕೇಳುವುದು ಒಂದೇ: ಏನು ಮಾಡಿದಿರಿ, ಏನಾಯಿತು. ಅದನ್ನು ಶೆಡ್ಡಿನ ಹಲಗೆಯ ಮೇಲೆ ‘ಈ ವಾರದ ತಪ್ಪು’ ಎಂಬ ತಲೆಬರಹದ ಕೆಳಗೆ ಮನೋರಮಾ ತಮ್ಮ ಕೈಯಾರೆ ಬರೆಯುತ್ತಾರೆ. ಮೊದಲ ವಾರ ಬರೆದದ್ದು ಅವರದೇ ತಪ್ಪನ್ನು.

“ನಮ್ಮ ಅಜ್ಜಾರು ಪಾಠ ಹೇಳೂವಾಗ ತಪ್ಪು ಓದಿದವರನ್ನ ಬೈತಿದ್ದಿಲ್ಲ,” ಎನ್ನುತ್ತಾರೆ ಮನೋರಮಾ. “ಆ ತಪ್ಪನ್ನ ನಡುವ ಇಟ್ಟು, ಇದು ಯಾಕ ಹಿಂಗಾತು ಅಂತ ಎಲ್ಲಾರನ್ನೂ ಕೇಳ್ತಿದ್ರು. ನಾ ಕೃಷಿ ಕಾಲೇಜಿನಾಗ ಕಲ್ತದ್ದಕ್ಕಿಂತ ಅದು ಭಾಳ ಉಪಯೋಗಕ್ಕ ಬಂದದ ನೋಡ್ರಿ.”

ಎಡಗಡೆಯ ತೋಟ ಒಂದು ಕಂಪನಿಯದು. ಅದರ ಮೇಲ್ವಿಚಾರಕ ರವಿಕುಮಾರ, ಶಿಗ್ಗಾಂವಿಯವರು, ಮೂವತ್ನಾಲ್ಕರ ಪ್ರಾಯ. ಅವರ ಶೆಡ್ಡಿನಲ್ಲೂ ಒಂದು ಹಲಗೆಯಿದೆ. ಅದರ ಮೇಲೆ ದಿನದ ಹೂವಿನ ಸಂಖ್ಯೆ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಮಾತು: ‘ಹೇಳಿದಷ್ಟು ಮಾಡಿ.’

ಮೂರು ವರ್ಷದ ಹಿಂದಿನ ಮಾತು. ಪೌಡ್ರ ತುಂಬಿಕೊಳ್ಳಲು ಕಂಪನಿ ಕೊಡುವುದು ಬೆರಳಿಗೆ ಹಾಕುವ ಒಂದು ಉಂಗುರ. ಉಂಗುರದ ನೆತ್ತಿಯಲ್ಲಿ ಸಣ್ಣ ಕುಳಿ. ಹೂವಿನ ಎಳೆಯನ್ನು ಅದರಲ್ಲಿ ಅದ್ದಿ ತೆಗೆಯಬೇಕು. ಪರದೆಯೊಳಗಿನ ಸೆಕೆಗೆ ಹತ್ತು ಗಂಟೆಯ ಹೊತ್ತಿಗೆ ಕೈ ಬೆವೆತು, ಉಂಗುರದ ಪೌಡ್ರವೆಲ್ಲ ನೆನೆದ ಹಿಟ್ಟಿನಂತೆ ಗಂಟು ಕಟ್ಟುತ್ತದೆ. ಆಮೇಲೆ ಮುಟ್ಟಿಸಿದ ಹೂವು ಕಾಯಿ ಕಟ್ಟುವುದು ಕಡಿಮೆ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಯಾರೂ ಆಡದ ಮಾತು. ಒಂದು ಸಂಜೆ ಶಂಕ್ರವ್ವ ಅತ್ತೆಗೆ ಜ್ವರದ ಗುಳಿಗೆ ಬಿಡಿಸಿಕೊಡುತ್ತ, ಖಾಲಿಯಾದ ಪಟ್ಟಿಯನ್ನು ಎಸೆಯದೆ ಕೈಯಲ್ಲೇ ಹಿಡಿದು ಕುಳಿತರು. ಹತ್ತು ಗೂಡು. ಒಂದೊಂದಕ್ಕೂ ಬೇರೆ ಗೋಡೆ. ಒಂದರಲ್ಲಿ ನೀರು ಹೊಕ್ಕರೆ ಇನ್ನೊಂಬತ್ತು ಒಣಗಿಯೇ ಇರುತ್ತವೆ. ಹತ್ತರಲ್ಲೂ ಪೌಡ್ರ ತುಂಬಿ, ಮೇಲೆ ಅಂಟುಪಟ್ಟಿ ಹಚ್ಚಿ, ಒಂದು ಮುಗಿದ ಮೇಲೆ ಇನ್ನೊಂದು ಬಿಚ್ಚಿದರೆ?

ಮರುದಿನವೇ ಎಡಗೈ ಬೆರಳಿಗೆ ರಬ್ಬರ್ ಬ್ಯಾಂಡಿನಿಂದ ಪಟ್ಟಿ ಕಟ್ಟಿಕೊಂಡು ಮೂರು ದಿನ ಕೆಲಸ ಮಾಡಿದರು. ವಾರದ ಮೇಲೆ ನೋಡಿದರೆ ಅವರ ಸಾಲಿನಲ್ಲಿ ಅರ್ಧಕ್ಕರ್ಧ ಹೂವು ಉದುರಿಬಿದ್ದಿದೆ.

“ರವಿಕುಮಾರ ಸರ ಬಂದ್ರು. ಪಟ್ಟಿ ನೋಡಿದ್ರು. ‘ಏನಬೇ ಇದು, ದವಾಖಾನಿ ಹಚ್ಚೀಯೇನ?’ ಅಂದ್ರು. ಎಲ್ಲಾರೂ ನಕ್ರು. ಕಸಗೊಂಡು ಒಗದ್ರು. ಎಂಟ ದಿನ ನನ್ನ ಕಳೆ ತಗ್ಯಾಕ ಹಾಕಿದ್ರು,” ಎನ್ನುತ್ತಾರೆ ಶಂಕ್ರವ್ವ. ಹದಿನೈದು ವರ್ಷ ಚಿಮಟಿಗೆ ಹಿಡಿದ ಕೈಗೆ ಕುಡುಗೋಲು ಕೊಡುವುದೆಂದರೆ ಏನೆಂದು ಇಲ್ಲಿಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. “ಅವತ್ತ ಸಂಜೀಕ ಒಗದ ಪಟ್ಟಿ ಆರಿಸಿಕೊಂಡ್ ಮನೀಗೆ ಒಯ್ದೆ. ಒಳಗ ಬೆರಳ ಆಡಿಸಿ ನೆಕ್ಕಿ ನೋಡಿದೆ. ಕಹಿ! ಗುಳಿಗಿ ಪುಡಿ ಅಂಟಿತ್ತು. ಅದಽ ಪೌಡ್ರ ಸಾಯಿಸಿತ್ತು. ತೊಳಿಬೇಕಾಗಿತ್ತು, ಅಷ್ಟಽ. ಉಗರ ಬೆಚ್ಚನ್ನ ನೀರಾಗ ತೊಳದು ಬಿಸಲಾಗ ಒಣಗಿಸಿದ್ರ ಮುಗೀತಿತ್ತು. ಆದ್ರ ಯಾರ ಮುಂದ ಹೇಳ್ಲಿ? ಮತ್ತೊಂದ ಸಲ ಮಾಡ್ತೇನಿ ಅನ್ನಾಕ ಬಾಯಿ ಎಲ್ಲಿತ್ತು?”

ಹೇಳಿದ್ದು ಟಂಟಂನಲ್ಲಿ, ಗುತ್ತೆವ್ವನ ಮುಂದೆ. ಅದೂ ತನ್ನನ್ನೇ ತಾನು ಹಾಸ್ಯ ಮಾಡಿಕೊಂಡು. ಪಟ್ಟಿ ಕಟ್ಟಿದ್ದು ಹೇಳಿದರು, ಹೂವು ಉದುರಿದ್ದು ಹೇಳಿದರು, ಕಳೆಗೆ ಹಾಕಿದ್ದು ಹೇಳಿದರು, ಕಹಿಯ ಮಾತು ಮಾತ್ರ ಎತ್ತಲಿಲ್ಲ. ಗುತ್ತೆವ್ವ ನಗಲಿಲ್ಲ. ನಾಲ್ಕು ದಿನ ಬಿಟ್ಟು, ಇಳಿಯುವ ಹೊತ್ತಿಗೆ, “ಶಂಕ್ರಕ್ಕಾ, ನಿನ್ನ ಗುಳಿಗಿ ಪಟ್ಟಿ ನಮ್ಮ ಹುಚ್ಚ ಸಾಲಿನ್ಯಾಗ ಹಚ್ಚಿ ನೋಡ್ತೇನಿ. ಮೇಡಂ ಹೂಂ ಅಂದಾರ. ನಿಂದ್ಯಾಕ ಕೆಟ್ಟಿತ್ತಬೇ, ಗೊತ್ತಾತೇನ?” ಎಂದು ಕೇಳಿದರು.

ಟಂಟಂ ನಿಂತಿತ್ತು. ದಾದಾಪೀರ ಹಾರ್ನ್ ಹೊಡೆಯುತ್ತಿದ್ದ. ಬಲಗಡೆಯ ಶೆಡ್ಡಿನ ಮುಂದೆ ಮನೋರಮಾ ಕೈಯಲ್ಲಿ ಚಹದ ಲೋಟ ಹಿಡಿದು, “ಬರ್ರಿ ಗುತ್ತೆವ್ವಾ, ಇವತ್ತೇನು ಹುಚ್ಚು?” ಎಂದು ಕೂಗಿದ್ದು ಕೇಳಿಸಿತು. ಶಂಕ್ರವ್ವ ಆ ಲೋಟವನ್ನೇ ನೋಡಿದರು. ಹೊಳೆದದ್ದು ನನಗೆ, ಬೈಸಿಕೊಂಡದ್ದು ನಾನು, ಎಂಟು ದಿನ ಬಗ್ಗಿ ಕಳೆ ಕಿತ್ತದ್ದು ನಾನು. ಈಕೆಗೆ ಬಾಗಿಲಲ್ಲಿ ಚಹ.

“ಯಾರಿಗ್ಗೊತ್ತವ್ವ,” ಎಂದುಬಿಟ್ಟರು.

ಒಂದು ಮಾತು. ಅದನ್ನು ಹೇಳುವಾಗ ಈಗಲೂ ಶಂಕ್ರವ್ವ ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಾರೆ. “ಆಕಿದೂ ಕೆಡ್ಲಿ ಅಂತ ಇತ್ರಿ ಮನಸಿನ್ಯಾಗ. ಕೆಟ್ರ ಆಕಿನ್ನೂ ಕಳೆ ತಗ್ಯಾಕ ಹಾಕ್ತಾರ, ಆವಾಗ ಇಬ್ರೂ ಸಮ ಅಂತ.”

ಕೆಟ್ಟಿತು. ಗುತ್ತೆವ್ವನ ಹೂವೂ ವಾರದಲ್ಲಿ ಉದುರಿದವು. ಆದರೆ ಯಾರೂ ಅವರನ್ನು ಕಳೆಗೆ ಹಾಕಲಿಲ್ಲ. ಹಲಗೆಯ ಮೇಲೆ ‘ಈ ವಾರದ ತಪ್ಪು: ಗುಳಿಗೆ ಪಟ್ಟಿ’ ಎಂದು ಬಂತು. ಊಟದ ಹೊತ್ತಿನಲ್ಲಿ ಹನ್ನೆರಡು ಹೆಂಗಸರು ಸುತ್ತ ಕುಳಿತು ತಲೆಗೊಂದು ಮಾತಾಡಿದರು. ಒಬ್ಬಳು ಅಂಟುಪಟ್ಟಿಯ ವಾಸನೆ ಎಂದಳು, ಒಬ್ಬಳು ಕಾವು ಎಂದಳು, ಒಬ್ಬಳು ಗ್ರಹಚಾರ ಎಂದಳು. ಮತ್ತೆ ಮಾಡಿದರು, ಮತ್ತೆ ಕೆಟ್ಟಿತು, ಮತ್ತೆ ಹಲಗೆಗೆ ಬಂತು. ಐದನೆಯ ವಾರ ಗುತ್ತೆವ್ವನೇ ಒಂದು ಪಟ್ಟಿಯನ್ನು ನೀರಲ್ಲಿ ಅದ್ದಿ ಇಟ್ಟಾಗ ನೀರು ಬೆಳ್ಳಗಾದದ್ದನ್ನು ಕಂಡು ಕೂಗಿಕೊಂಡರು. ಆ ಕೂಗು ರಸ್ತೆ ದಾಟಿ ಶಂಕ್ರವ್ವನಿಗೂ ಕೇಳಿಸಿತು. ಏನೆಂದು ಯಾರೂ ಬಂದು ಹೇಳಬೇಕಾಗಲಿಲ್ಲ.

ಅಂದಿನಿಂದ ಅದು ‘ಗುತ್ತೆವ್ವನ ಪಟ್ಟಿ’. ಸುತ್ತಲಿನ ಪರದೆಯ ತೋಟಗಳಿಂದ ಹೆಂಗಸರು ಬಂದು ನೋಡಿಕೊಂಡು ಹೋದರು. ಕಳೆದ ವರ್ಷ ಒಂದು ಪತ್ರಿಕೆಯಲ್ಲಿ ಗುತ್ತೆವ್ವನ ಫೋಟೊ ಬಂತು, ಬೆರಳಿನ ಪಟ್ಟಿ ಕಾಣುವಂತೆ ಕೈಯೆತ್ತಿದ ಫೋಟೊ.

ಗುತ್ತೆವ್ವನಿಗೆ ಓದು ಬಾರದು. ಟಂಟಂನಲ್ಲಿ ಪೇಪರು ಕೈಯಿಂದ ಕೈಗೆ ದಾಟಿ ಶಂಕ್ರವ್ವನ ತೊಡೆಯ ಮೇಲೆ ಬಂದು ಕುಳಿತಿತು. “ಓದಬೇ ಶಂಕ್ರಕ್ಕಾ, ಜೋರಾಗಿ ಓದು,” ಎಂದರು ಗುತ್ತೆವ್ವ. ಹನ್ನೊಂದು ಜನ ಹೆಂಗಸರು ಕಿವಿಯಾದರು. ದಾದಾಪೀರ ಸಹ ಗಾಡಿ ನಿಧಾನ ಮಾಡಿದ.

“ಹೊಟ್ಟ್ಯಾಗ ಬೆಂಕಿ ಇಟ್ಟುಕೊಂಡ ಆಕಿ ಹೊಗಳಿಕಿ ನಾನಽ ಓದಬೇಕ್ರಿ. ಓದಿದೆ. ಜಾಣ ಹೆಣ್ಮಗಳು ಅಂತಿತ್ತು, ಓದಿದೆ. ಹೊಸಾ ದಾರಿ ತೋರಿಸ್ಯಾಳ ಅಂತಿತ್ತು, ಅದನ್ನೂ ಓದಿದೆ. ಕಡೀಕ ಬರೂದ್ರಾಗ ಒಂದ ಸಾಲು ಇತ್ತು…” ಎಂದು ನಿಲ್ಲಿಸುತ್ತಾರೆ. ಆ ಪೇಪರು ಈಗಲೂ ಶಂಕ್ರವ್ವನ ಮನೆಯ ಟ್ರಂಕಿನಲ್ಲಿದೆ, ಮಡಿಕೆ ಹರಿದಿದೆ. ಆ ಸಾಲು ಅವರಿಗೆ ಬಾಯಿಪಾಠ: ‘ಈ ಪಟ್ಟಿಯನ್ನು ಮೊದಲು ಕೈಗೆ ಕಟ್ಟಿಕೊಂಡವಳು ನಾನಲ್ಲ, ನಮ್ಮ ಓಣಿಯ ಶಂಕ್ರಕ್ಕ, ಎನ್ನುತ್ತಾರೆ ಗುತ್ತೆವ್ವ.’

ಶಂಕ್ರವ್ವ ಅದನ್ನು ಓದಲಿಲ್ಲ. ಕಣ್ಣು ಓದಿತು, ಬಾಯಿ ನುಂಗಿತು. ಆ ಸಾಲನ್ನು ಹಾರಿಸಿ ಮುಂದಿನದಕ್ಕೆ ಹೋದರು. ಬೈದಿದ್ದರೆ ಬಯ್ಯಬಹುದಿತ್ತು, ಮರೆತಿದ್ದರೆ ದೂರಬಹುದಿತ್ತು. ಆಕೆ ಹೆಸರು ಹೇಳಿಬಿಟ್ಟಿದ್ದಾಳೆ. ‘ಯಾರಿಗ್ಗೊತ್ತವ್ವ’ ಎಂದ ಬಾಯಿಂದ ಅದನ್ನು ಓದುವುದು ಹೇಗೆ?

“ಮುಗೀತೇನ?” ಎಂದರು ಗುತ್ತೆವ್ವ. “ನಿನ್ನ ಹೆಸರ ಎಲ್ಲಿ ಬಂತು?”

“ಇಲ್ಲಬಿಡ.”

“ನಾ ಹೇಳಿದ್ನಲ್ಲ! ಎರಡೆರಡ ಸಲ ಹೇಳಿದ್ದೆ!” ಎಂದು ಗುತ್ತೆವ್ವ ಪೇಪರಿನವರಿಗೆ ಬಾಯಿಗೆ ಬಂದಂತೆ ಬೈದರು. ಊರು ಬರುವವರೆಗೂ ಬೈದರು. ಶಂಕ್ರವ್ವ ಹೊರಗೆ ನೋಡುತ್ತ ಕುಳಿತರು. ಇವತ್ತಿಗೂ ಪೇಪರಿನವರೆಂದು ಯಾರೇ ಆ ತೋಟಕ್ಕೆ ಹೋದರೆ ಗುತ್ತೆವ್ವ ಹೇಳುವುದು ಒಂದೇ: “ನನ್ನ ಬಿಡ್ರಿ, ಆ ಕಡೆ ಹೋಗ್ರಿ. ಅಲ್ಲಿ ಶಂಕ್ರಕ್ಕ ಅದಾಳ. ಹೋದ ಸಲ ನಿಮ್ಮ ಮಂದಿ ಆಕಿ ಹೆಸರ ತಿಂದಾರ, ನೀವರ ಬರೀರಿ.”

ಹೊಟ್ಟೆಕಿಚ್ಚು ಅಷ್ಟಕ್ಕೇ ಆರಲಿಲ್ಲ. ಅದು ಬೇರೆ ದಾರಿ ಹಿಡಿಯಿತು. ಈ ಹಂಗಾಮಿನಲ್ಲಿ ಶಂಕ್ರವ್ವ ಯಾರಿಗೂ ಹೇಳದೆ ಮತ್ತೊಂದು ಕೆಲಸ ಮಾಡಿದ್ದಾರೆ. ಐದು ಎಸಳಲ್ಲಿ ಎರಡನ್ನು ಚಿವುಟಬೇಕು ಎಂಬುದು ನಿಯಮ. ಎಲ್ಲರೂ ಅಕ್ಕಪಕ್ಕದ ಎರಡನ್ನೇ ಚಿವುಟುತ್ತಾರೆ, ಕೈಗೆ ಸಲೀಸು. ನಡುವೆ ಒಂದನ್ನು ಬಿಟ್ಟು ಎರಡನ್ನು ಚಿವುಟಿದರೆ? ಆಗಲೂ ಎರಡೇ. ತಪಾಸಣೆಗೆ ಬಂದವರಿಗೆ ಎರಡು ಕಾಣುತ್ತದೆ, ಹಣ್ಣು ಪಾಸಾಗುತ್ತದೆ. ಆದರೆ ಚಿವುಟಿದವಳಿಗೆ ಗೊತ್ತು, ಇದು ಬೇರೆ ಎಂದು.

ಏಳನೆಯ ಸಾಲಿನ ಕೊನೆಯ ಹತ್ತು ಗಿಡಗಳನ್ನು ಆರಿಸಿಕೊಂಡರು. ಹತ್ತು ಗಂಟೆ ಹೊಡೆದ ಮೇಲೆ, ಬೆವರುವ ಹೊತ್ತಿನಲ್ಲಿ, ಗಿಡಕ್ಕೆ ಹತ್ತು ಹೂವು ಕಂಪನಿಯ ಉಂಗುರದಿಂದ, ಹತ್ತು ಹೂವು ತೊಳೆದು ಒಣಗಿಸಿದ ಗುಳಿಗೆ ಪಟ್ಟಿಯಿಂದ. ಉಂಗುರದವಕ್ಕೆ ಪಕ್ಕದ ಎರಡು ಎಸಳು, ಪಟ್ಟಿಯವಕ್ಕೆ ನಡುವೆ ಒಂದು ಬಿಟ್ಟು ಎರಡು. ಪಟ್ಟಿ ಇರುತ್ತಿದ್ದದ್ದು ಮಾರೆಪ್ಪನ ಅಂಗಿಯ ತೋಳಿನೊಳಗೆ. ರವಿಕುಮಾರರ ಚಪ್ಪಲಿಯ ಸಪ್ಪಳ ಕೇಳಿದರೆ ಕೈ ಒಳಕ್ಕೆ.

“ಅವರಿಗೆ ಒಂದ ಇಡೀ ಸಾಲು ಬೇಕು,” ಎನ್ನುವಾಗ ಶಂಕ್ರವ್ವನ ಕಣ್ಣು ಮತ್ತೆ ರಸ್ತೆಯಾಚೆಗೆ ಹೋಗುತ್ತದೆ. “ನನಗ ಎರಡ ಎಸಳ ಸಾಕು. ಒಂದಽ ಗಿಡ, ಒಂದಽ ನೀರು, ಒಂದಽ ಬಿಸಲು. ಯಾವುದ ಚೊಲೊ ಅಂತ ಗಿಡಾನಽ ಹೇಳ್ತೈತಿ.” ಆ ಹೆಮ್ಮೆ ಒಂದು ಗಳಿಗೆಯಷ್ಟೇ ಉಳಿಯುತ್ತದೆ. “ಖರೇ ಅಂದ್ರ, ಕಳವ ಮಾಡಿದಂಗ ಮಾಡೇನ್ರಿ. ಚೊಲೊ ಕೆಲಸಾನ ಕದ್ದ ಮಾಡೂದಂದ್ರ ಏನ ಸುಖ? ಗುತ್ತಿ ಮಾಡಿದ್ರ ಹಲಗಿ ಮ್ಯಾಲ ಬರೀತಾರ. ನಾ ಮಾಡಿದ್ರ ತೋಳಿನ್ಯಾಗ ಮುಚ್ಚಿಕೊಬೇಕು. ಮೂರ ವರ್ಷ ಹೋದುವಲ್ಲ, ಅವು ಎಲ್ಲಿ ಸಿಗ್ತಾವು?”

ಇವತ್ತು ಹೇಳಲೇಬೇಕು. ಆ ಹತ್ತು ಗಿಡಗಳ ಹಣ್ಣು ಕೆಂಪಾಗಿವೆ, ನಾಳೆ ಕೊಯ್ಲು. ಕೊಯ್ದು ಕ್ರೇಟಿಗೆ ಹಾಕಿದರೆ ಎಲ್ಲ ಸಾಲಿನ ಹಣ್ಣೂ ಒಂದಾಗಿ, ಗಿಡ ಹೇಳುವ ಮಾತು ಅಲ್ಲಿಗೆ ಮುಗಿಯಿತು. ಹೇಳಿದರೆ ಮತ್ತೆ ಕುಡುಗೋಲು ಕೈಗೆ ಬರಬಹುದು, ಈ ಸಲ ಎಂಟು ದಿನಕ್ಕಲ್ಲ.

ಒಂಬತ್ತೂವರೆಗೆ ರವಿಕುಮಾರ ಏಳನೆಯ ಸಾಲಿಗೆ ಬರುತ್ತಾರೆ. ಶಂಕ್ರವ್ವ ಎದ್ದು ನಿಂತು, ಅಂಗಿಯ ತೋಳು ಮೇಲಕ್ಕೆ ಮಡಚಿ, ಕೈ ಮುಂದೆ ಚಾಚುತ್ತಾರೆ. ಬೆರಳಲ್ಲಿ ಪಟ್ಟಿ.

“ಮತ್ತ ಇದಽ!” ರವಿಕುಮಾರರ ದನಿಗೆ ಹತ್ತು ಸಾಲಿನ ತಲೆಗಳು ಮೇಲೇಳುತ್ತವೆ. “ಎಷ್ಟ ದಿನದಿಂದ?”

“ನಾಲ್ವತ್ತ ದಿನ ಆತ್ರಿ ಸರ. ಬೈಯೂದ ಆಮ್ಯಾಲ ಬೈರಿ. ಮೊದ್ಲ ಈ ಹತ್ತ ಗಿಡ ಎಣಿಸ್ರಿ. ಪಕ್ಕದ ಎರಡ ಎಸಳ ಹೋದದ್ದ ಉಂಗರದ್ದು. ನಡುವ ಒಂದ ಬಿಟ್ಟದ್ದ ಪಟ್ಟೀದು. ಗಿಡಕ್ಕ ಹತ್ತ ಹತ್ತ, ಸಮ ಸಮ ಹಚ್ಚೇನಿ.”

ರವಿಕುಮಾರ ಸುತ್ತಲಿನ ತಲೆಗಳತ್ತ ಒಮ್ಮೆ ನೋಡುತ್ತಾರೆ. ಆಮೇಲೆ ಪ್ಯಾಂಟು ಮೇಲೆತ್ತಿ ಮೊಳಕಾಲೂರಿ ಕೂರುತ್ತಾರೆ. ಒಂದು ಹಣ್ಣು ತಿರುಗಿಸಿ ತೊಟ್ಟು ನೋಡುತ್ತಾರೆ. ಇನ್ನೊಂದು. ಜೇಬಿನ ಡೈರಿ ಹೊರಗೆ ಬರುತ್ತದೆ. ಹತ್ತನೆಯ ಗಿಡ ಮುಗಿಯುವಷ್ಟರಲ್ಲಿ ಮುಕ್ಕಾಲು ತಾಸು ಕಳೆದು, ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆ. ಉಂಗುರದ ನೂರು ಹೂವಿಗೆ ಐವತ್ತೆಂಟು ಹಣ್ಣು. ಪಟ್ಟಿಯ ನೂರಕ್ಕೆ ಎಂಬತ್ತಮೂರು. ನಂಬದೆ ಎರಡು ಗಿಡಗಳನ್ನು ಮತ್ತೆ ಎಣಿಸುತ್ತಾರೆ. ಅಷ್ಟೇ.

“ಕಂಪನ್ಯಾಗಿನವರು ಕೇಳಿದ್ರ ನಾ ಏನ ಹೇಳ್ಲಿಬೇ?” ದನಿ ಈಗ ಕೆಳಗಿದೆ. “ನನ್ನ ಮ್ಯಾಲೂ ಒಬ್ಬ ರವಿಕುಮಾರ ಅದಾನ. ನಾ ಹೊಸ್ದಾಗಿ ಬಂದಾಗ ನೀರ ಬಿಡೂ ಹೊತ್ತ ಬದಲ ಮಾಡಿ ನೋಡಿದ್ದೆ. ನಾಕ ಸಾಲ ಬಾಡಿದುವು. ಮೀಟಿಂಗಿನ್ಯಾಗ ಎಲ್ಲಾರ ಮುಂದ ನಿಲ್ಲಿಸಿ ಕೇಳಿದ್ರು. ಅವತ್ತಿನಿಂದ ನಾ ಹೇಳಿದಷ್ಟಽ ಮಾಡ್ತೇನಿ, ಹೇಳಿದಷ್ಟಽ ಮಾಡಿಸ್ತೇನಿ.” ಪರದೆಯಾಚೆ ನಗು ಕೇಳಿಸುತ್ತದೆ. ರವಿಕುಮಾರರೂ ಆ ಕಡೆ ನೋಡುತ್ತಾರೆ. ಆ ನೋಟ ಶಂಕ್ರವ್ವನಿಗೆ ಗುರುತಿದೆ. ದಿನಾ ತಾವು ನೋಡುವ ನೋಟವೇ ಅದು. “ಆ ಮೇಡಂದ ಏನ್ ಬಿಡ, ಕೇಳೋರಿಲ್ಲ, ಹೇಳೋರಿಲ್ಲ. ಎಲ್ಲಾರೂ ಅವರ ತ್ವಾಟಾನಽ ನೋಡಾಕ ಹೊಕ್ಕಾರ. ಈ ಎಸಳಿನ ಗುರ್ತ ಅವರಿಗೆ ಗೊತ್ತೈತೇನ?”

“ಇಲ್ರಿ ಸರ.”

“ಗುತ್ತೆವ್ವಗ?”

“ಆಕಿ ಮುಂದ ನಾ ಯಾಕ ಹೇಳ್ಲಿ?”

ಇಬ್ಬರೂ ಒಟ್ಟಿಗೇ ನಗುತ್ತಾರೆ. ಮೂರು ವರ್ಷದಲ್ಲಿ ಈ ಸಾಲಿನಲ್ಲಿ ಅಂಥ ನಗು ಕೇಳಿದ್ದು ಇದೇ ಮೊದಲೆಂದು ಆರನೆಯ ಸಾಲಿನವಳು ಆಮೇಲೆ ಹೇಳಿದಳು. ರವಿಕುಮಾರ ಏಳುತ್ತ ಮೊಳಕಾಲಿನ ಮಣ್ಣು ಕೊಡವಿಕೊಂಡು, ಯಾರಿಗೋ ಹೇಳುವವರಂತೆ ಹೇಳುತ್ತಾರೆ: “ಹನ್ನೊಂದನೇ ಸಾಲು ತಗೋ. ಕೆಟ್ರ ನಾ ನೋಡ್ಕೋತೇನಿ. ಆದ್ರ ಹುಚ್ಚ ಸಾಲ ಅನ್ನಬ್ಯಾಡ, ‘ಟ್ರಯಲ್’ ಅನ್ನು.” ಬರೆಯಲು ಬಂದವರ ಕಡೆ ತಿರುಗಿ, “ಪೇಪರಿನ್ಯಾಗ ಕಂಪನಿ ಹೆಸರ ಹಾಕಬ್ಯಾಡ್ರಿ ಮತ್ತ,” ಎನ್ನುತ್ತಾರೆ. ಹೋಗುವ ಮುಂಚೆ ಶೆಡ್ಡಿನ ಹಲಗೆಯ ಮುಂದೆ ನಿಂತು ಕೆಂಪು ಅಕ್ಷರಗಳನ್ನು ನೋಡುತ್ತಾರೆ. ಅಳಿಸುವುದಿಲ್ಲ. ಆ ಮಾತಿನ ಪಕ್ಕದಲ್ಲಿ ಸೀಮೆಸುಣ್ಣದಿಂದ ‘೧೧ ಬಿಟ್ಟು’ ಎಂದು ಸಣ್ಣಗೆ ಬರೆಯುತ್ತಾರೆ.

ಸಂಜೆಯ ಟಂಟಂನಲ್ಲಿ ಸುದ್ದಿ ಮೊದಲೇ ಹತ್ತಿ ಕುಳಿತಿದೆ. ಗುತ್ತೆವ್ವ ಸೀಟಿನಲ್ಲಿ ಸರಿದು ಜಾಗ ಕೊಡುತ್ತಾರೆ. ಎರಡು ತಿರುವು ಕಳೆದ ಮೇಲೆ, “ಎಸಳಿನ್ಯಾಗ ಅಷ್ಟೆಲ್ಲ ಮಾಡೀಯಂತ,” ಎನ್ನುತ್ತಾರೆ. “ನಮ್ಮ ಮೇಡಂ ಕೇಳಿ ಗಾಬರಿ ಆದ್ರು. ‘ಗುತ್ತೆವ್ವಾ, ನಮಗ್ಯಾಕ ಹೊಳೀಲಿಲ್ಲ ಇದು’ ಅಂದ್ರು. ನನಗ ಒಂದ ಮಾತ ಹೇಳಬಾರದೇನಬೇ?”

ಗುತ್ತೆವ್ವನ ಮುಖ ಒಂದಿಷ್ಟು ಊದಿದೆ. ಶಂಕ್ರವ್ವ ಅದನ್ನು ಓರೆಗಣ್ಣಿನಿಂದ ನೋಡುತ್ತಾರೆ. ಮೂರು ವರ್ಷ ತಾವು ಹೊತ್ತು ತಿರುಗಿದ ಮುಖವದು. ನೋಡಲು ಬೆಲ್ಲ ತಿಂದಷ್ಟು ಸಿಹಿಯಾಗಿರುತ್ತದೆಂದುಕೊಂಡಿದ್ದರು. ಸಿಹಿಯೇನೋ ಇದೆ. ಆದರೆ ತಳದಲ್ಲಿ, ಅವತ್ತು ಬೆರಳು ನೆಕ್ಕಿದಾಗ ಹತ್ತಿದ ಆ ಗುಳಿಗೆಯ ಕಹಿಯೂ ಇದೆ. ತೊಳೆಯದೆ ಹೋಗದ ಕಹಿ.

“ಹೇಳ್ತೇನಿ,” ಎನ್ನುತ್ತಾರೆ. “ಐತವಾರ ಎಲ್ಲಾ ಹೇಳ್ತೇನಿ.”

ಟಂಟಂ ಇಳಿದು ಓಣಿಯ ಬಾಯಿಗೆ ಬಂದಾಗ ಶಂಕ್ರವ್ವ ಐತವಾರದ ಪತ್ರಿಕೆಯಲ್ಲಿ ಬರಲಿರುವ ಈ ಬರಹದ ಮಾತು ತೆಗೆಯುತ್ತಾರೆ. ಬೆಳಗಿನಿಂದ ಆಡಿದ್ದರಲ್ಲಿ ಯಾವುದನ್ನು ಬಿಡಬೇಕು ಎಂದು ಬರೆಯಲು ಬಂದವರು ಕೇಳುತ್ತಾರೆ. ‘ಯಾರಿಗ್ಗೊತ್ತವ್ವ’ ಎಂದದ್ದು ಬೇಡವೇ? ಪೇಪರಿನಲ್ಲಿ ಹಾರಿಸಿದ ಸಾಲು ಬೇಡವೇ? ಶಂಕ್ರವ್ವ ಅಂಗಿಯ ತೋಳನ್ನು ಬಿಚ್ಚಿ ಇಳಿಸುತ್ತಾರೆ. ಒಳಗೆ ಮುಚ್ಚಿಡುವುದು ಈಗ ಏನೂ ಇಲ್ಲ.

“ಎಲ್ಲಾ ಬರೀರಿ,” ಎನ್ನುತ್ತಾರೆ. “ಒಂದೂ ಬಿಡಬ್ಯಾಡ್ರಿ. ಟಂಟಂನ್ಯಾಗ ಜೋರಾಗಿ ಓದೋಕಿ ನಾನಽ ಅಲ್ಲೇನ್ರಿ? ಬರೇ ಬಾಯೀಲೆ ಗುತ್ತಿ ಮುಂದ ಹೇಳಾಕ ನನಗ ಆಗೂದಿಲ್ಲ. ಅಚ್ಚಾಗಿ ಬಂದ್ರ ಓದ್ತೇನಿ. ಈ ಸಲ ಒಂದ ಸಾಲೂ ನುಂಗೂದಿಲ್ಲ.”